ಉಂಡ ಮನೆಯ ಜಂತೆ: ಬಿಸಿಯೂಟದಲ್ಲಿ ಕರುಣೆ ಮತ್ತು ಕಾನೂನು

ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಹಳೆಯ ಗಾದೆ. ಅನ್ನವಿಕ್ಕಿದವರ ಮನೆಯ ಕುಂದುಕೊರತೆ ಎತ್ತಿ ಆಡುವುದು ಕೃತಘ್ನತೆ ಎಂಬ ನೀತಿ ಅದರಲ್ಲಿದೆ. ಆದರೆ ಈ ನೀತಿ ಉಂಡವನಿಗೆ ಮಾತ್ರ ಹೇಳಿದ್ದು. ಇಕ್ಕಿದವನ ಮೇಲೆ ಗಾದೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ಕರುಣೆಯಿಂದ ಬಂದ ತುತ್ತಿಗೂ ಕಾನೂನಿನಿಂದ ಬಂದ ತುತ್ತಿಗೂ ಇರುವ ಅಂತರವನ್ನು ಅನ್ನದ ಅಳತೆಯಲ್ಲಿ ಹುಡುಕುವುದಕ್ಕಿಂತ ಇಲ್ಲಿ ಹುಡುಕುವುದು ಮೇಲು: ಉಂಡವರು ಜಂತೆ ಎಣಿಸಬಹುದೇ? ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟವನ್ನು ಈ ಪ್ರಶ್ನೆಯ ಮುಂದಿಟ್ಟು ನೋಡುವುದು ಈ ಲೇಖನದ ಉದ್ದೇಶ. ಕಾನೂನು ಮಗುವಿಗೆ ಆ ಎಣಿಕೆಯ ಅಧಿಕಾರ ಕೊಟ್ಟಿತು, ಅಡುಗೆ ಮಾಡುವ ಹೆಂಗಸನ್ನು ಮಾತ್ರ ಕರುಣೆಯ ಭಾಷೆಯಲ್ಲೇ ಬಿಟ್ಟಿತು ಎಂಬುದು ನನ್ನ ವಾದ.

ಬಿಸಿಯೂಟಕ್ಕೆ ಮೊದಲು ಬಡ ವಿದ್ಯಾರ್ಥಿಗೆ ಇದ್ದ ದಾರಿಗಳಲ್ಲಿ ವಾರಾನ್ನ ಒಂದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವ ಶಾಸನದ ಒತ್ತಾಯವೂ ಇಲ್ಲದೆ ಗೃಹಸ್ಥರು ಪರರ ಮಕ್ಕಳಿಗೆ ಎಲೆ ಹಾಕಿದರು. ಹಾಗೆ ಓದಿ ಮುಂದೆ ಬಂದವರು ಒಬ್ಬಿಬ್ಬರಲ್ಲ. ಇದನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೂ ವಾರಾನ್ನದ ಹುಡುಗ ಮನೆಯಾಕೆಯ ಮುಖ ನೋಡಿ ಎರಡನೆಯ ಸಲ ಸಾರು ಕೇಳಬೇಕಿತ್ತು. ಮನೆಯಲ್ಲಿ ನೆಂಟರು ಬಂದರೆ ಅವನ ವಾರ ತಪ್ಪುತ್ತಿತ್ತು. ತಪ್ಪಿದ ವಾರಕ್ಕೆ ಯಾರನ್ನೂ ಕೇಳುವಂತಿರಲಿಲ್ಲ. ಇನ್ನೂ ಮುಖ್ಯವಾದದ್ದು, ವಾರಾನ್ನ ಸಾಮಾನ್ಯವಾಗಿ ಜಾತಿಯ ಬೀದಿಯೊಳಗೇ ಸುತ್ತುತ್ತಿತ್ತು. ದಲಿತ ಹುಡುಗನಿಗೆ ಆ ಬೀದಿಯ ಪಡಸಾಲೆಯೇ ನಿಷಿದ್ಧ. ಕರುಣೆ ಇರಲಿಲ್ಲವೆಂದಲ್ಲ, ಅದಕ್ಕೊಂದು ಹೊಸ್ತಿಲಿತ್ತು.

ಕೊಡುಗೆ ಎಂದರೆ ಮರಳಿಸಬೇಕಾದ ಸಾಲ ಎಂಬುದನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಅನ್ನದ ಋಣ ಎಂಬ ಮಾತು ಬಳಕೆಯಲ್ಲಿದ್ದ ನಮಗೆ ಅದು ಹೊಸ ಸುದ್ದಿಯಲ್ಲ. ಹೊಸದೆಂದರೆ ಆ ಋಣವನ್ನು ತಿರುವುಮುರುವು ಮಾಡಿದ ಹನ್ನೆರಡನೆಯ ಶತಮಾನದ ದಾಸೋಹದ ಕಲ್ಪನೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. 'ದಾಸೋಽಹಂ' ಎಂದವನು ಕೊಡುವಾಗಲೂ ಆಳಾಗಿಯೇ ನಿಲ್ಲುತ್ತಾನೆ. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ತಪಾಸಣೆ ಕೊಡುವವರ ಮನೆಯಲ್ಲೇ ನಡೆಯುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಸಾವಿರಾರು ಮಕ್ಕಳು ಉಂಡು ಓದಿದ್ದು ಈ ಪರಂಪರೆಯ ಆಧುನಿಕ ರೂಪ. ರಾಜ್ಯ ಸರ್ಕಾರ ತನ್ನ ಊಟದ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟದ್ದೂ ಇದರ ಬಲದಿಂದಲೇ. ಹೆಸರು ಮಠದಿಂದ ಬಂತು. ಒತ್ತಾಯ ಬಂದದ್ದು ಮಾತ್ರ ನ್ಯಾಯಾಲಯದಿಂದ.

ಕೇಂದ್ರದ ಯೋಜನೆ 1995ರ ಆಗಸ್ಟ್ 15ರಂದು ಶುರುವಾದರೂ ಬಹುಪಾಲು ರಾಜ್ಯಗಳಲ್ಲಿ ಅದು ತಿಂಗಳಿಗೆ ತಲಾ 3 ಕಿಲೋ ಧಾನ್ಯ ಅಳೆದುಕೊಡುವುದಕ್ಕೆ ಸೀಮಿತವಾಗಿತ್ತು. ಆ ಧಾನ್ಯ ಮನೆಯ ಮಡಕೆ ಸೇರುತ್ತಿತ್ತು, ಮಗುವಿನ ಪಾಲೆಷ್ಟು ಎಂದು ಯಾರು ನೋಡಿದರು? 2001ರಲ್ಲಿ, ಸರ್ಕಾರಿ ಉಗ್ರಾಣಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗಲೇ ಬರಪೀಡಿತರು ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಮಧ್ಯಂತರ ಆದೇಶ ಬೇಯಿಸಿದ ಊಟವನ್ನೇ ಕೊಡಬೇಕೆಂದಿತು: ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಜಿಲ್ಲೆಗಳಲ್ಲಿ ಒಲೆ ಹೊತ್ತಿತು, ಮರುವರ್ಷ ಉಳಿದ ಕಡೆಗೂ ಹಬ್ಬಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದನ್ನು ಹಕ್ಕಾಗಿಸಿತು. ಪ್ರಾಥಮಿಕ ತರಗತಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕಕ್ಕೆ 700 ಮತ್ತು 20. ಧಾನ್ಯವಿಲ್ಲ, ಸೌದೆಯಿಲ್ಲ, ಅಡುಗೆಯವರು ಬಂದಿಲ್ಲ ಎಂದು ಊಟ ತಪ್ಪಿದರೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕೆಂದು 2015ರ ನಿಯಮಗಳು ಹೇಳುತ್ತವೆ. ತಪ್ಪಿದ ವಾರಕ್ಕೆ ಯಾರನ್ನೂ ಕೇಳುವಂತಿರದಿದ್ದ ಹುಡುಗನನ್ನು ಇಲ್ಲಿ ನೆನೆಯಬೇಕು.

ಪರಿಣಾಮಗಳ ಬಗ್ಗೆ ಹೆಚ್ಚು ಬೆಳೆಸಬೇಕಿಲ್ಲ. ಮಧ್ಯಪ್ರದೇಶದಲ್ಲಿ ಅಧ್ಯಯನ ಮಾಡಿದ ಫರ್ಜಾನಾ ಅಫ್ರಿದಿ, ಈ ಊಟದಿಂದ ಮಕ್ಕಳ ದಿನದ ಕ್ಯಾಲೊರಿ ಕೊರತೆ ಸುಮಾರು ಶೇ 30ರಷ್ಟು ಇಳಿದದ್ದನ್ನು 2010ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಬಿಸಿಯೂಟ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಎಂಬುದನ್ನು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯ ಲೇಖನ ತೋರಿಸಿತು. ಒಂದು ತಟ್ಟೆಯ ಫಲ ಎರಡು ತಲೆಮಾರು.

ಕಾನೂನು ಕೊಟ್ಟದ್ದು ಕ್ಯಾಲೊರಿ ಮಾತ್ರವಲ್ಲ ಎಂಬುದು ಮೊಟ್ಟೆಯ ಪ್ರಸಂಗದಲ್ಲಿ ಕಾಣುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು, ಶಾಲೆಯಲ್ಲಿ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಸವಾಲು ಹಾಕಿದ ವಿಡಿಯೊ ನಾಡಿನ ತುಂಬ ಹರಿದಾಡಿತು. ಅನೇಕರಿಗೆ ಅದು ಉದ್ಧಟತನವಾಗಿ ಕಂಡಿತು. ನನಗೆ ಅದು ಈ ಇಡೀ ಚರಿತ್ರೆಯ ತಿರುವಿನಂತೆ ಕಾಣುತ್ತದೆ: ಉಣ್ಣುವ ಮಗು ಬಹಿರಂಗವಾಗಿ ಜಂತೆ ಎಣಿಸಿತು.

ಆದರೆ ಮೊಟ್ಟೆಯ ಮುಂದಿನ ಕಥೆ ಈ ಸರಳ ಚಿತ್ರವನ್ನು ಕದಡುತ್ತದೆ. ವಾರಕ್ಕೆ ಎರಡು ದಿನ ರಾಜ್ಯದ ಯೋಜನೆಯಿಂದ ಬರುತ್ತಿದ್ದ ಮೊಟ್ಟೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ನೆರವು ಒಪ್ಪಿದ್ದರಿಂದ ಆರು ದಿನಕ್ಕೆ ಏರಿತು. ಕ್ಯಾಲೊರಿ, ಪ್ರೋಟೀನ್ ಕಾಯ್ದೆಯದು, ಎರಡು ಮೊಟ್ಟೆ ಸರ್ಕಾರಿ ಆದೇಶದ್ದು, ನಾಲ್ಕು ಮೊಟ್ಟೆ ದಾನದ್ದು. ತಟ್ಟೆಯಲ್ಲಿ ಇವು ಬೇರೆಬೇರೆಯಾಗಿ ಕಾಣುವುದಿಲ್ಲ. ಒಪ್ಪಂದದ ಅವಧಿ ಮುಗಿದ ದಿನ ಕಾಣಬಹುದು. ಕಾನೂನು ಅಷ್ಟು ಹಣವನ್ನು ಅಷ್ಟು ಬೇಗ ಹೊಂದಿಸುತ್ತಿರಲಿಲ್ಲ ಎಂಬುದೂ ನಿಜ. ಬೆಂಗಳೂರಿನಲ್ಲಿ ಅಕ್ಷಯಪಾತ್ರ ಎಂಬ ದತ್ತಿ ಸಂಸ್ಥೆ 2000ದಲ್ಲಿ 1,500 ಮಕ್ಕಳಿಗೆ ಉಣಬಡಿಸಲು ತೊಡಗಿದ್ದು ನ್ಯಾಯಾಲಯದ ಆದೇಶಕ್ಕೆ ಮೊದಲೇ. ಕರುಣೆ ಮುಂದೆ ಓಡುತ್ತದೆ, ಆದರೆ ತನ್ನ ಅಡುಗೆಯ ಕಟ್ಟಳೆಯನ್ನೂ ಜೊತೆಗೆ ತರುತ್ತದೆ. ಅಕ್ಷಯಪಾತ್ರದ ಈರುಳ್ಳಿ-ಬೆಳ್ಳುಳ್ಳಿಯಿಲ್ಲದ ಊಟದ ಬಗ್ಗೆ ಆಮೇಲೆ ನಡೆದ ವಾಗ್ವಾದ ಇದರದೇ ಫಲ.

ಕರುಣೆಯ ನಡೆಯೊಂದು ನಿಯಮವಾಗಿ ಮಾರ್ಪಟ್ಟದ್ದೂ ಉಂಟು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಬಡಿಸುವ ಮುನ್ನ ಶಿಕ್ಷಕರೂ ಸೇರಿದಂತೆ ದೊಡ್ಡವರು ರುಚಿ ನೋಡಲೇಬೇಕೆಂಬ ನಿಯಮಕ್ಕೆ ಆ ಬಳಿಕ ಬಿಗಿ ಬಂತು. ಮಗುವಿಗೆ ಕೊಡುವ ಮೊದಲು ತುತ್ತನ್ನು ತಾನು ನೋಡುವುದು ತಾಯಿಯ ಅಭ್ಯಾಸ. ಈಗ ಅದು ಶಾಲೆಯ ಕರ್ತವ್ಯ.

ಇನ್ನು ಒಲೆಯ ಬಳಿಗೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಇರಲಿ ಎಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಆದೇಶಿಸಿತು. ಪಂಕ್ತಿಭೇದದ ನಾಡಿನಲ್ಲಿ ಇದು ಸಣ್ಣ ಆದೇಶವಲ್ಲ. ದಲಿತ ಮಹಿಳೆ ಬೇಯಿಸಿದ್ದನ್ನು ಉಣ್ಣಲೊಲ್ಲದೆ ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದ, ಶಾಲೆಯನ್ನೇ ಬಿಡಿಸಿದ ಪಾಲಕರ ಸುದ್ದಿಗಳು ಇಂದಿಗೂ ಬರುತ್ತವೆ. ಆಕೆಯನ್ನು ಒಲೆಯ ಮುಂದೆ ನಿಲ್ಲಿಸುವ ಶಕ್ತಿ ಕಾನೂನಿಗಿದೆ. ಪಾಲಕರ ಮನಸ್ಸು ಅದರ ಕೈಗೆ ಸಿಕ್ಕಿಲ್ಲ. ಆದರೂ ಆಕೆ ಅಲ್ಲಿ ನಿಂತಿರುವುದರಿಂದಲೇ ಆ ಮನಸ್ಸು ದಿನವೂ ಪರೀಕ್ಷೆಗೆ ಒಳಗಾಗುತ್ತಿದೆ.

ಅವಳ ದುಡಿಮೆಗೆ ಸಿಗುವುದನ್ನು ಸರ್ಕಾರ ವೇತನ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ನಂತರದ ಪ್ರತಿ 100ಕ್ಕೆ ಇನ್ನೊಬ್ಬರು: ದುಡಿಮೆಯ ಅಳತೆ ಕರಾರುವಾಕ್ಕು. ಪ್ರತಿಫಲದ ಕೇಂದ್ರ ಮಾನದಂಡ 2009ರ ಡಿಸೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಕರ್ನಾಟಕದಂಥ ರಾಜ್ಯಗಳು ಮೇಲೆ ಸೇರಿಸಿ ಕೊಡುತ್ತವೆ. ಹೆಸರು ಮಾತ್ರ ಬದಲಾಗಿಲ್ಲ. ಅನ್ನವಿಕ್ಕುವುದು ಸೇವೆ, ಸೇವೆಗೆ ಕೂಲಿ ಕೇಳಬಾರದು ಎಂಬ ಭಾವ ಈ ಪದದೊಳಗಿದೆ. ದಾಸೋಹದ ಕಲ್ಪನೆಯಲ್ಲಿ ತಾನೇ ಒಪ್ಪಿ ದಾಸನಾದವನು ಉಳ್ಳವನು. ಯೋಜನೆಯಲ್ಲಿ ಆ ಪಾತ್ರ ಇಲ್ಲದವಳ ಹೆಗಲಿಗೆ ಬಂತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಕ್ಷರ ದಾಸೋಹ ನೌಕರರು ಮತ್ತೆ ಮತ್ತೆ ಧರಣಿ ಕೂತಾಗ ಅವರು ತಮ್ಮನ್ನು ನೌಕರರೆಂದೇ ಕರೆದುಕೊಳ್ಳುವುದು ಗಮನಾರ್ಹ. ಸರ್ಕಾರದ ಕಡತ ಒಪ್ಪದ ಪದವನ್ನು ಅವರು ಬ್ಯಾನರಿನಲ್ಲಿ ಬರೆದಿದ್ದಾರೆ.

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತ್ತು. ಅದೇ 23ನೆಯ ವಿಧಿಯನ್ನು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಒಲೆಯವರೆಗೂ ತಂದಿತು: ತಿಂಗಳಿಗೆ 1,000 ರೂಪಾಯಿಗೆ ಅಡುಗೆ ಮಾಡಿಸುವುದು ಬಲವಂತದ ದುಡಿಮೆಯೇ, ಕನಿಷ್ಠ ಕೂಲಿ ಕೊಡಿ ಎಂದಿತು. ಆ ಮೊಕದ್ದಮೆ ಹೂಡಿದವಳು ಉತ್ತರಪ್ರದೇಶದ ಶಾಲೆಯೊಂದರ ಅಡುಗೆಯಾಕೆ. ಅವಳು ನ್ಯಾಯಾಲಯಕ್ಕೆ ಬಂದದ್ದು ಗೌರವಧನ ಹೆಚ್ಚಿಸಿ ಎಂದು ಕೇಳಲಲ್ಲ. ತನ್ನನ್ನು ಕೆಲಸದಿಂದ ತೆಗೆದುಹಾಕಿದ್ದನ್ನು ಪ್ರಶ್ನಿಸಲು.