ಕ್ಯಾಮೆರಾದ ನೆತ್ತಿಯಿಂದ ಇಳಿದ ಫ್ಲ್ಯಾಶ್

ಉಡುಪಿಯಲ್ಲಿ ಕಡಿಯಾಳಿ ದಾಟಿದರೆ ಕುಂಜಿಬೆಟ್ಟು, ಅಲ್ಲೇ ಎಂ.ಜಿ.ಎಂ. ಕಾಲೇಜು. ಅದರ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಹಿಂದಿನ ವರ್ಷವಷ್ಟೇ ಮಣಿಪಾಲದಿಂದ ‘ಉದಯವಾಣಿ’ ಪತ್ರಿಕೆ ಹೊರಟಿತ್ತು. ಆದರೆ ಇಲ್ಲಿ ಫೋಟೊ ತೆಗೆಯಬೇಕಾದ ಯಕ್ಷಗಾನದ ಆಟ, ಭೂತದ ಕೋಲ, ಜೋಡುಕಟ್ಟೆಯಿಂದ ಬೆಳಗಿನ ಜಾವ ಹೊರಡುವ ಪರ್ಯಾಯ ಮೆರವಣಿಗೆ ಎಲ್ಲವೂ ಕತ್ತಲಿನವೇ. ಫಿಲ್ಮ್ ಕಾಲದ ಛಾಯಾಗ್ರಾಹಕನಿಗೆ ಇಲ್ಲಿ ಬೆಳಕೇ ದೊಡ್ಡ ತಲೆನೋವು.

ಬಡಗುತಿಟ್ಟಿನ ವೇಷವನ್ನೇ ನೋಡಿ. ಹಗುರ ಮರದ ಎದೆಪದಕ, ಭುಜಕೀರ್ತಿಗಳ ಮೇಲೆ ಬೇಗಡೆ, ಕನ್ನಡಿ ಚೂರು. ಕ್ಯಾಮೆರಾದ ಮೇಲೇ ಕೂತ ಫ್ಲ್ಯಾಶ್ ಹೊಡೆದರೆ ಬೆಳಕು ನೇರ ಲೆನ್ಸಿಗೇ ವಾಪಸು. ಕೆತ್ತನೆಯೂ ಇಲ್ಲ, ಮುಖವರ್ಣಿಕೆಯ ಗೆರೆಯೂ ಇಲ್ಲ. ಅದನ್ನೇ ಕೈಯಳತೆ ದೂರಕ್ಕೆ, ಸ್ವಲ್ಪ ಮೇಲಕ್ಕೆ ಹಿಡಿದರೆ ಉಬ್ಬುತಗ್ಗುಗಳಿಗೆ ನೆರಳು ಸಿಗುತ್ತದೆ.

ತಮಾಷೆಯೆಂದರೆ, ಫ್ಲ್ಯಾಶ್ ಹುಟ್ಟಿದ್ದೇ ಕ್ಯಾಮೆರಾದ ಹೊರಗೆ. 1887ರಲ್ಲಿ ಜರ್ಮನಿಯಲ್ಲಿ ಬಂದ ಮೆಗ್ನೀಸಿಯಂ ಪುಡಿಯನ್ನು ತಟ್ಟೆಯಲ್ಲಿಟ್ಟು ದೂರ ಎತ್ತಿ ಹಿಡಿಯದೆ ಗತಿಯಿರಲಿಲ್ಲ. 1929ರ ಹೊತ್ತಿಗೆ ಬಲ್ಬು, 1930ರ ದಶಕದಲ್ಲಿ ಹೆರಾಲ್ಡ್ ಎಡ್ಗರ್ಟನ್ ರೂಪಿಸಿದ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದವು. 1954ರ ಲೈಕಾ ಎಂ3 ರೇಂಜ್‌ಫೈಂಡರಿನ ಬೆನ್ನಲ್ಲಿ, ಫ್ಲ್ಯಾಶನ್ನು ಕ್ಯಾಮೆರಾಕ್ಕೆ ಜೋಡಿಸುವ ಸಿಂಕ್ ವೈರಿಗೆಂದೇ ಎರಡು ತೂತುಗಳಿದ್ದವು. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಗೇ ಕೂರಿಸುವ ಆಮೇಲಿನ ಹಾಟ್ ಶೂ ಕೆಲಸ ಸುಲಭ ಮಾಡಿತು, ಬೆಳಕನ್ನು ಕೆಡಿಸಿತು.

ರೇಂಜ್‌ಫೈಂಡರಿನ ಒಂದು ಗುಣಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಿಕ್ಕಿಲ್ಲ. ಎಸ್‌ಎಲ್‌ಆರ್‌ನಲ್ಲಿ ಫ್ಲ್ಯಾಶ್ ಹೊತ್ತುವ ಕ್ಷಣಕ್ಕೆ ಸರಿಯಾಗಿ ಕನ್ನಡಿ ಮೇಲೆದ್ದು ಕಿಂಡಿ ಕಪ್ಪಾಗುತ್ತದೆ. ರೇಂಜ್‌ಫೈಂಡರಿನ ಕಿಂಡಿಯಲ್ಲಿ ಮಿಂಚೂ ಕಾಣುತ್ತದೆ, ವೇಷಧಾರಿ ಕಣ್ಣು ಮುಚ್ಚಿದನೇ ಎಂಬುದೂ ಗೊತ್ತಾಗುತ್ತದೆ. ಫಿಲ್ಮ್ ತೊಳೆಯುವವರೆಗೆ ಕಾಯಬೇಕಿದ್ದವರಿಗೆ ಇದು ಸಣ್ಣ ಲಾಭವಲ್ಲ.

ಅಪರ್ಚರಿನ ಲೆಕ್ಕವೂ ಸರಳ: ಫ್ಲ್ಯಾಶಿನ ಶಕ್ತಿ ಹೇಳುವ ಗೈಡ್ ನಂಬರನ್ನು ದೂರದಿಂದ ಭಾಗಿಸಿದರಾಯಿತು. ಗೈಡ್ ನಂಬರ್ 28 ಇದ್ದು, 100 ಐಎಸ್‌ಒ ಫಿಲ್ಮ್ ಹಾಕಿದ್ದರೆ, ಮೂರೂವರೆ ಮೀಟರಿಗೆ ಎಫ್8, ಐದು ಮೀಟರಿಗೆ ಎಫ್5.6. ಆದರೆ ಎಣಿಸಬೇಕಾದ್ದು ಫ್ಲ್ಯಾಶಿನಿಂದ ವೇಷದವರೆಗಿನ ದೂರ. ಲೆನ್ಸಿನ ಉಂಗುರ ತೋರಿಸುವುದು ಕ್ಯಾಮೆರಾದ ದೂರವನ್ನು. ರಂಗಸ್ಥಳದ ಪಕ್ಕ ಲೈಟು ಹಿಡಿದು ನಿಂತ ಹುಡುಗನ ದೂರವನ್ನು ಕಣ್ಣಂದಾಜಿನಲ್ಲೇ ಹಿಡಿಯಬೇಕು.

ಬಟ್ಟೆಯ ಶಟರಿನ ಎಂ3 ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಹೊಂದುವುದು 1/50 ಸೆಕೆಂಡಿನವರೆಗೆ ಮಾತ್ರ. ರಾತ್ರಿಯ ಆಟಕ್ಕೆ ಅಷ್ಟು ಸಾಕು. ನಡುಹಗಲ ಕಾಪು ಕಡಲತೀರದಲ್ಲಿ ಮುಖದ ನೆರಳು ಕಳೆಯಲು ಸಾಲದು. ಅಲ್ಲಿ ಲೀಫ್ ಶಟರಿನ ಅಗ್ಗದ ಕ್ಯಾಮೆರಾಗಳದೇ ಮೇಲುಗೈ. 1972ರ ಕ್ಯಾನೊನೆಟ್ ಕ್ಯೂಎಲ್17 ಜಿ3 ತನ್ನ ಗರಿಷ್ಠ ವೇಗವಾದ 1/500ರಲ್ಲೂ ಫ್ಲ್ಯಾಶ್ ಹೊತ್ತಿಸುತ್ತದೆ.

ಒಂದು ಕೈಯಲ್ಲಿ ಲೈಕಾ, ಇನ್ನೊಂದರಲ್ಲಿ ವೈರು ಕಟ್ಟಿದ ಫ್ಲ್ಯಾಶ್ ಹಿಡಿದು ನ್ಯೂಯಾರ್ಕ್ ಬೀದಿಗಳಲ್ಲಿ ಜನರ ಮುಖಕ್ಕೇ ಹೊಡೆದವನು ಬ್ರೂಸ್ ಗಿಲ್ಡನ್. ಆ ದಾಳಿಯ ಗತ್ತು ಕೋಲದ ಅಂಗಳಕ್ಕೆ ಒಗ್ಗುವುದಿಲ್ಲ, ಕೈಚಳಕ ಮಾತ್ರ ಅದೇ. ಈಗ ವೈರಿನ ಜಾಗಕ್ಕೆ ರೇಡಿಯೊ ಟ್ರಿಗರ್ ಬಂದಿದೆ. ಹಳೆಯ ವಿವಿಟಾರ್ 283ರಂಥ ಫ್ಲ್ಯಾಶುಗಳನ್ನು ಇದಕ್ಕೆ ಸಿಕ್ಕಿಸುವ ಮುನ್ನ ಅವುಗಳ ಟ್ರಿಗರ್ ವೋಲ್ಟೇಜ್ ಅಳೆದು ನೋಡುವುದೊಳ್ಳೆಯದು: ಕೆಲವು 200 ವೋಲ್ಟ್ ದಾಟುತ್ತವೆ. ಹಳೆಯ ಮೆಕ್ಯಾನಿಕಲ್ ಕ್ಯಾಮೆರಾ ಅದನ್ನು ತಾಳಿಕೊಂಡೀತು, ಇಂದಿನ ಟ್ರಿಗರ್ ಸುಟ್ಟುಹೋದೀತು.