ವಿಕಿಪೀಡಿಯಾ: ಪ್ರಕಟಿಸುವ ಮುನ್ನ ಒಂದು ಮುನ್ನೋಟ

ಸಂಪಾದಕರ ಮೇಜನ್ನು ದಾಟದೆ ಬರೆದವರ ಕೈಯಿಂದಲೇ ನೇರವಾಗಿ ಓದುಗರನ್ನು ತಲುಪುವ ಬರಹಗಳಲ್ಲಿ ವಿಕಿಪೀಡಿಯಾದ ಲೇಖನಗಳು ಮುಖ್ಯವಾದವು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ಈ ಸ್ವತಂತ್ರ ವಿಶ್ವಕೋಶದ ಕನ್ನಡ ಆವೃತ್ತಿ 2003ರ ಜೂನ್‌ನಲ್ಲಿ ಮೊದಲಾಯಿತು. ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಆಧಾರ. ಪತ್ರಿಕಾಲಯದಲ್ಲಿ ಕರಡು ತಿದ್ದುವವರು ಮಾಡುವ ಕೆಲಸವನ್ನು ಇಲ್ಲಿ ಬರೆಯುವವರೇ ಮಾಡಿಕೊಳ್ಳಬೇಕು. ಅದಕ್ಕೆಂದೇ ಒದಗಿಸಿರುವ ಸೌಲಭ್ಯ ‘ಮುನ್ನೋಟ’.

ಉಳಿಸುವುದಲ್ಲ, ಪ್ರಕಟಿಸುವುದು: ಸಂಪಾದನಾ ಪುಟದ ಕೊನೆಯ ಗುಂಡಿಯ ಮೇಲೆ ಬಹುಕಾಲ ‘ಪುಟವನ್ನು ಉಳಿಸಿ’ ಎಂಬ ಅರ್ಥದ ಸೂಚನೆಯಿತ್ತು. ತಮ್ಮ ಗಣಕದಲ್ಲಿ ಕಡತ ಉಳಿಸಿದಂತೆಯೇ ಇದೂ ಎಂದು ಹೊಸಬರು ಭಾವಿಸುವ ಸಂಭವವಿತ್ತು. 2016–17ರಲ್ಲಿ ವಿಕಿಮೀಡಿಯಾ ಪ್ರತಿಷ್ಠಾನವು ಆ ಪದವನ್ನು ‘ಪ್ರಕಟಿಸಿ’ ಎಂದು ಬದಲಾಯಿಸಿತು. ಗುಂಡಿ ಒತ್ತಿದೊಡನೆ ಬರಹ ಸಾರ್ವಜನಿಕವಾಗುತ್ತದೆ. ಮರುಕ್ಷಣವೇ ತಿದ್ದಿದರೂ ಹಳೆಯ ರೂಪ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಅದನ್ನು ಮರೆಮಾಡುವ ಅಧಿಕಾರ ನಿರ್ವಾಹಕರಂತಹ ಕೆಲವರಿಗೆ ಮಾತ್ರ ಇದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಷರತ್ತಿಗೊಳಪಟ್ಟು ಈ ಬರಹವನ್ನು ಯಾರು ಬೇಕಾದರೂ ಮರುಬಳಸಬಹುದಾದ್ದರಿಂದ, ತಪ್ಪು ಬೇರೆಡೆಗೆ ಹರಡಿದ ಮೇಲೆ ಹಿಂಪಡೆಯುವುದು ಕಷ್ಟಸಾಧ್ಯ.

ಗಡಿ ಗ್ರಾಮದ ಉದಾಹರಣೆ: ಬೆಳಗಾವಿ ಜಿಲ್ಲೆಯ ಜುಗೂಳ ಗ್ರಾಮದ ಬಗ್ಗೆ ಲೇಖನ ಸಿದ್ಧಪಡಿಸುವುದಾದರೆ ಮುನ್ನೋಟದ ಮಹತ್ವ ತಿಳಿಯುತ್ತದೆ. ಈ ಊರು ಕೃಷ್ಣಾ ನದಿಯ ದಂಡೆಯಲ್ಲಿದೆ. ಆಚೆ ದಡದಲ್ಲಿರುವ, ಕೋಪೇಶ್ವರ ದೇವಾಲಯಕ್ಕೆ ಹೆಸರಾದ ಖಿದ್ರಾಪುರ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿದೆ. ನಕ್ಷೆಗಾಗಿ ನಮೂದಿಸುವ ಅಕ್ಷಾಂಶದಲ್ಲಿ ಕೇವಲ 0.01 ಡಿಗ್ರಿ ವ್ಯತ್ಯಾಸವಾದರೂ ಗುರುತು ಸುಮಾರು 1.1 ಕಿ.ಮೀ. ಸರಿಯುತ್ತದೆ. ಊರು ಹೊಳೆ ದಾಟಿ ನೆರೆರಾಜ್ಯದಲ್ಲಿ ಕಾಣಿಸಿಕೊಂಡೀತು. ಗಡಿ ವಿವಾದದ ನೆನಪು ಮಾಸದ ನೆಲದಲ್ಲಿ ಇದು ಸಣ್ಣ ತಪ್ಪಲ್ಲ. ಹಳೆಯ ದಾಖಲೆಗಳನ್ನು ಆಧರಿಸಿದರೆ ತಾಲ್ಲೂಕು ಅಥಣಿ ಎಂದೇ ಉಳಿದುಬಿಡಬಹುದು. ಈಗ ಈ ಗ್ರಾಮ ಕಾಗವಾಡ ತಾಲ್ಲೂಕಿನಲ್ಲಿದೆ.

ಗಮನಿಸಬೇಕಾದ ಅಂಶಗಳು: ಮುನ್ನೋಟದಲ್ಲಿ ಕೆಂಪು ಬಣ್ಣದ ಕೊಂಡಿ ಕಂಡರೆ ಆ ಹೆಸರಿನ ಪುಟ ಇಲ್ಲವೆಂದು ಅರ್ಥ. ಕೆಲವೊಮ್ಮೆ ‘ತಾಲ್ಲೂಕು’, ‘ತಾಲೂಕು’ ಎಂಬ ಕಾಗುಣಿತದ ಭೇದವೇ ಇದಕ್ಕೆ ಕಾರಣವಾಗಿರುತ್ತದೆ. ಮಾಹಿತಿ ಚೌಕದ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಚೌಕದ ಬದಲು ಬರೀ ಸಂಕೇತಗಳು ಕಾಣುತ್ತವೆ. ಉಲ್ಲೇಖದ ಗುರುತನ್ನು ಮುಚ್ಚದಿದ್ದರೆ ದೋಷದ ಸೂಚನೆ ಬರುತ್ತದೆ. ಈಗಾಗಲೇ ಇರುವ ಲೇಖನವನ್ನು ತಿದ್ದುವಾಗ ‘ಬದಲಾವಣೆಗಳನ್ನು ತೋರಿಸು’ ಎಂಬ ಗುಂಡಿಯನ್ನೂ ಒತ್ತಿ ನೋಡುವುದು ಲೇಸು. ಇತರರ ಸಾಲುಗಳು ಅಕಸ್ಮಾತ್ತಾಗಿ ಅಳಿಸಿಹೋಗಿದ್ದರೆ ಅಲ್ಲಿ ತಿಳಿಯುತ್ತದೆ. ಬಳಿಕ ಮಾಡಿದ ಬದಲಾವಣೆಯ ಸಾರಾಂಶವನ್ನು ಒಂದು ಸಾಲಿನಲ್ಲಿ ಬರೆದು ಪ್ರಕಟಿಸಬಹುದು.

ಪ್ರಯೋಗಪುಟವೂ ಬಯಲೇ: ದೀರ್ಘ ಲೇಖನವನ್ನು ಹಲವು ದಿನ ಬೆಳೆಸಬೇಕೆನ್ನುವವರಿಗೆ ತಮ್ಮದೇ ಪ್ರಯೋಗಪುಟದ ಅನುಕೂಲವಿದೆ. ಆದರೆ ಅಲ್ಲಿ ಪ್ರಕಟಿಸಿದ್ದನ್ನೂ ಹುಡುಕಿ ಬಂದವರೆಲ್ಲ ಓದಬಹುದು. ಪುಟದ ಇತಿಹಾಸದಲ್ಲಿ ದಾಖಲಾಗದೆ ಉಳಿಯುವುದು ಮುನ್ನೋಟದ ಹಂತವೊಂದೇ. ಪ್ರಕಟಿಸದೆ ಕಿಟಕಿ ಮುಚ್ಚಿದರೆ ಬರೆದದ್ದು ಕೈತಪ್ಪುವ ಸಾಧ್ಯತೆಯೂ ಇರುವುದರಿಂದ, ಪ್ರತಿಯೊಂದನ್ನು ಗಣಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಮುನ್ನೋಟಕ್ಕೂ ಮಿತಿಯಿದೆ. ಅದು ಪುಟದ ರೂಪವನ್ನು ತೋರಿಸುತ್ತದೆಯೇ ಹೊರತು ಸಂಗತಿಯ ಸತ್ಯಾಸತ್ಯವನ್ನು ಪರೀಕ್ಷಿಸುವುದಿಲ್ಲ. ನಕ್ಷೆಯ ಗುರುತು ಹೊಳೆಯ ಯಾವ ದಡದಲ್ಲಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಊರು ಯಾವ ದಡದ್ದೆಂಬುದನ್ನು ಬರೆಯುವವರು ಆಧಾರಗಳಿಂದ ಮೊದಲೇ ಖಚಿತಪಡಿಸಿಕೊಂಡಿರಬೇಕು.