ಕಾಲುವೆ ಬಂತು, ಅನ್ನ ಬಂತು: ರೊಟ್ಟಿ ಖಾನಾವಳಿ ಸೇರಿತು

ಲಿಂಗಸುಗೂರಿನಲ್ಲಿ ಬಸ್ ಹತ್ತಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿ ಇಳಿದಿದ್ದೀರಿ ಅಂದ್ಕೊಳ್ಳಿ. ಮಧ್ಯಾಹ್ನ ಒಂದೂವರೆ, ಹೊಟ್ಟೆ ಚುರುಗುಟ್ಟುತ್ತಿದೆ. ಸುತ್ತ ನೋಡಿದ್ರೆ ಬಿರಿಯಾನಿ, ಎಗ್ ರೈಸ್, ಗೋಬಿ ಬೋರ್ಡ್‌ಗಳು. ಹೊರಗೆ ತಿಂದರೂ ಆರೋಗ್ಯ ಕೆಡಬಾರದು ಅಂದ್ರೆ ಏನು ತಿನ್ನಬೇಕು ಅಂತ ಮೊಬೈಲ್ ಕೇಳಿದ್ರೆ, ಸಲಾಡ್ ತಿನ್ನಿ, ಸೂಪ್ ಕುಡೀರಿ ಅನ್ನುತ್ತೆ. ಆದ್ರೆ ಅದೇ ಸಾಲಿನಲ್ಲಿ ಒಂದು ಖಾನಾವಳಿಯೂ ಇದೆ. ಇವತ್ತು ಆ ಖಾನಾವಳಿಯ ತಟ್ಟೆಯ ಕಥೆ ಹೇಳ್ತೀನಿ.

ಎಪ್ಪತ್ತೈದು ವರ್ಷ ಹಿಂದಕ್ಕೆ ಹೋಗೋಣ. ಆಗ ಇದು ಎರೆ ಭೂಮಿಯ, ಮಳೆ ನಂಬಿದ ಸೀಮೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿ ಜೋಳ, ಮಣ್ಣಿನಲ್ಲಿ ಉಳಿದ ತೇವ ಹಿಡಿದುಕೊಂಡೇ ಬೆಳೆಯುತ್ತಿತ್ತು. ಮನೆಯಲ್ಲಿ ದಿನಾ ರೊಟ್ಟಿ. ಅನ್ನ ಅಂದ್ರೆ ಹಬ್ಬಕ್ಕೆ, ಇಲ್ಲಾ ಬೀಗರು ಬಂದಾಗ. ಅನ್ನ ಉಣ್ಣೋದು ದೊಡ್ಡಸ್ತಿಕೆಯ ಗುರುತಾಗಿತ್ತು.

1945ರಲ್ಲಿ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಸೇರಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ಹರಿಯಲು ಶುರುವಾಯಿತು. ಇಲ್ಲೊಂದು ಮುಖ್ಯ ವಿಷಯ ಇದೆ. ಎಡದಂಡೆ ಕಾಲುವೆಯ ಬಹುಪಾಲು ಜಮೀನಿಗೆ ಯೋಜನೆ ಹಾಕಿದ್ದು ಭತ್ತಕ್ಕಲ್ಲ! ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಸ್ವಲ್ಪ ನೀರನ್ನು ಹೆಚ್ಚು ಹೊಲಕ್ಕೆ ಹಂಚಿ, ಬರ ತಡೆಯೋದು ಉದ್ದೇಶ.

ಆದರೆ ಕರಾವಳಿ ಆಂಧ್ರದಿಂದ ರೈತರು ಬಂದರು, ಜಮೀನು ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು. ಭತ್ತ ಬೆಳೆಯೋದು ಅವರಿಗೆ ಕರಗತ. ಸ್ಥಳೀಯರೂ ಕಲಿತರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪ್‌ಗಳಾದವು. ಅವರದೂ ಅನ್ನ-ಮೀನಿನ ಊಟ. ಹೀಗೆ ಸಿಂಧನೂರು 'ಭತ್ತದ ಕಣಜ' ಆಯ್ತು. ಮೇಲ್ಭಾಗದವರು ಭತ್ತಕ್ಕೆ ನೀರು ಎಳೆದುಕೊಂಡಾಗ ಕೊನೆ ಭಾಗದ ಹೊಲಗಳು ಒಣಗಿದವು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಅನ್ನವನ್ನು ಬೈಯೋಕೆ ಈ ಕಥೆ ಹೇಳ್ತಿಲ್ಲ. ಭತ್ತ ದುಡ್ಡು ತಂತು. 2013ರ ಅನ್ನಭಾಗ್ಯದ ಅಕ್ಕಿ ಎಷ್ಟೋ ಮನೆಗಳ ಹಸಿವು ನೀಗಿಸಿತು. ಆದರೆ ಎರಡು ತಲೆಮಾರಿನಲ್ಲಿ ತಟ್ಟೆ ತಿರುವುಮುರುವಾಯ್ತು. ಹಬ್ಬದ ಅನ್ನ ದಿನದ ಊಟವಾಯ್ತು. ಎಷ್ಟೋ ಮನೆಗಳಲ್ಲಿ ದಿನದ ರೊಟ್ಟಿಯನ್ನು ಖಾನಾವಳಿಯಿಂದ ಕೊಂಡು ತರುವ ಹಾಗಾಯ್ತು. ರೊಟ್ಟಿ ಬಡಿಯೋಕೆ ರಟ್ಟೆ ಬೇಕು, ಹೊತ್ತೂ ಬೇಕು. ಆ ದುಡಿಮೆಯನ್ನು ಈಗ ಖಾನಾವಳಿಯ ಹೆಣ್ಣುಮಕ್ಕಳು ಹೊತ್ತಿದ್ದಾರೆ.

ಇದರಿಂದ ಆರೋಗ್ಯಕ್ಕೆ ಏನಾಯ್ತು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಅದೇ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಆ ಪಟ್ಟಿಯಲ್ಲಿ ನಮ್ಮ ಜೋಳವೂ ಇತ್ತು.

ಈಗ ಖಾನಾವಳಿ ತಟ್ಟೆ ನೋಡಿ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತೆ ಸೊಪ್ಪು. ಮೊಬೈಲ್ ಹೇಳಿದ ಸಲಾಡ್ ಇಲ್ಲೇ ಇದೆ, ಕೇಳಿದ್ರೆ ಇನ್ನೊಂದಿಷ್ಟು ಹಾಕ್ತಾರೆ. ಅಂದ ಹಾಗೆ, ಪುಂಡಿ ಅಂದ್ರೆ ಆಂಧ್ರದವರ ಗೋಂಗುರವೇ. ಕ್ಯಾಂಪಿನವರೂ ಊರವರೂ ಒಂದೇ ಸೊಪ್ಪು ಉಣ್ಣುತ್ತಾರೆ.

ಹಾಗಂತ ಖಾನಾವಳಿಯಲ್ಲಿ ಸಿಗೋದೆಲ್ಲ ಅಮೃತ ಅಲ್ಲ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆ ಬದಿಗೆ ಸರಿಸಿ. ಹಿಂಡಿ, ಉಪ್ಪಿನಕಾಯಿ, ಹಪ್ಪಳದಲ್ಲಿ ಉಪ್ಪು ಹೆಚ್ಚು. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಪಲ್ಯ, ರೊಟ್ಟಿ ಉಣ್ಣಿ. ಅನ್ನ ಕೊನೆಗೆ, ಒಂದು ಸೌಟು. ತಂಪು ಪಾನೀಯದ ಬದಲು ಮಜ್ಜಿಗೆ ಕೇಳಿ. ಬೆಳಿಗ್ಗೆ ಒಗ್ಗರಣಿ-ಮಿರ್ಚಿ ಬಿಡೋಕೆ ಆಗಲ್ಲ, ಗೊತ್ತು! ಮಂಡಾಳು ಒಗ್ಗರಣಿ ತಿನ್ನಿ, ಮಿರ್ಚಿ ಒಂದಕ್ಕೇ ನಿಲ್ಲಿಸಿ.

ಖಾನಾವಳಿಯಲ್ಲಿ 'ಅಕ್ಕಾ, ಇನ್ನೊಂದು ರೊಟ್ಟಿ' ಅಂತ ಕೇಳಿದಾಗ ನಿಮ್ಮ ಹೊಟ್ಟೆ ತುಂಬುತ್ತೆ, ಜೊತೆಗೆ ಕಡಿಮೆ ನೀರಿನಲ್ಲಿ ಜೋಳ ಬೆಳೆಯುವ ರೈತನಿಗೂ ಒಬ್ಬ ಗಿರಾಕಿ ಸಿಗ್ತಾನೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.